ಒಕ್ತ್ಯಾಬ್ರಿನಾ ಯಾವ ಊರಿನ ಹೆಸರು?

"ನಿಮ್ಮದು ಯಾವ ಇಗರ್ಜಿ?"

ಮಂಗಳೂರಿನಲ್ಲಿ ನನ್ನನ್ನು ಮೊದಲು ಕೇಳಿದ ಪ್ರಶ್ನೆ ಇದು. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂದು, ಕದ್ರಿ ಗುಡ್ಡದ ಬದಿಯ ಹೆಂಚಿನ ಮನೆಯೊಂದರ ಜಗಲಿಯ ಕೆಳಗೆ ಟ್ರಂಕು ಇಳಿಸಿ, ಬಾಡಿಗೆಗೆ ಕೋಣೆ ಇದೆಯೇ ಎಂದು ವಿಚಾರಿಸುತ್ತ ನಿಂತಿದ್ದೆ. ಇಗರ್ಜಿ ಎಂದರೇನೆಂದೇ ನನಗೆ ತಿಳಿಯಲಿಲ್ಲ. ಚರ್ಚಿಗೆ ಇಲ್ಲಿ ಹಾಗೆನ್ನುತ್ತಾರೆಂದು ಆ ಮನೆಯ ಮಗ ವಾಸುದೇವ ಬಿಡಿಸಿ ಹೇಳಿದ. ಹೆಸರು ಒಕ್ತ್ಯಾಬ್ರಿನಾ ಎಂದಿದ್ದೆನಲ್ಲ! ಸೆವ್ರಿನ್, ಸಬ್ರಿನಾ ಎಂಬ ಹೆಸರುಗಳು ಬೀದಿಬೀದಿಯಲ್ಲಿ ಕೇಳುವ ಊರಿನಲ್ಲಿ ಅವನ ತಾಯಿ ಬೇರೇನು ತಿಳಿದಾರು?

"ನಾನು ಕ್ರಿಶ್ಚಿಯನ್ ಅಲ್ರಿ."

"ಮತ್ತೆ ಎಂತ ಜನ?"

"ಜಾತಿ ಹೇಳಬಾರದು ಅಂತ ನಮ್ಮಪ್ಪ ಕಲಿಸ್ಯಾನ್ರಿ."

ಅವರದು ದೇವಸ್ಥಾನದ ಪೂಜೆಯ ಮನೆತನ. "ಒಳಗೆ ದೇವರ ಕೋಣೆ ಉಂಟಲ್ಲ, ಎಂತ ಮಾಡುವುದು ಹೇಳಿ" ಎಂದು ಬಹಳ ಮೆತ್ತಗೆ ಹೇಳಿ, ಬೆಲ್ಲ ನೀರು ಕೊಟ್ಟು ಕಳಿಸಿದರು. ನಮ್ಮ ಕಡೆ ಒಲ್ಲದವರನ್ನು ಬೈದು ಕಳಿಸುತ್ತಾರೆ. ಇಲ್ಲಿ ಬೆಲ್ಲ ತಿನ್ನಿಸಿ ಕಳಿಸುತ್ತಾರೆ. ಯಾವುದು ಹೆಚ್ಚು ನೋಯುತ್ತದೆ ಎಂದು ಇಂದಿಗೂ ಹೇಳಲಾರೆ.

ಹೆಸರಿನ ವಿಷಯ ಹೇಳಬೇಕು. ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಗುಮಾಸ್ತ. ಹುಟ್ಟಿನಿಂದ ಬ್ರಾಹ್ಮಣ. ಕಮ್ಯುನಿಸ್ಟ್ ಪಕ್ಷ ಸೇರಿದ ವರ್ಷ ಜನಿವಾರ ತೆಗೆದಿಟ್ಟವನು. ನಾನು ಹುಟ್ಟಿದಾಗ ಅವ್ವ ಇಂದಿರಾ ಎಂದು ಇಡೋಣ ಎಂದಳಂತೆ. ಅಪ್ಪ ಕೇಳಲಿಲ್ಲ. ರಷ್ಯಾದಲ್ಲಿ ಅಕ್ಟೋಬರ್ ತಿಂಗಳನ್ನು ಒಕ್ತ್ಯಾಬ್ರ್ ಎನ್ನುತ್ತಾರೆ, ಕ್ರಾಂತಿಯಾದ ಆ ತಿಂಗಳಿನಿಂದ ಹುಟ್ಟಿದ ಹೆಸರು ಒಕ್ತ್ಯಾಬ್ರಿನಾ ಎಂದು ಬಂದವರಿಗೆಲ್ಲ ವಿವರಿಸುತ್ತಿದ್ದ. "ಅಲ್ಲಿ ಮನೀಗೊಬ್ಬಾಕಿ ಒಕ್ತ್ಯಾಬ್ರಿನಾ ಇರ್ತಾಳ. ನಮ್ಮ ದೇಶಕ್ಕ ನೀನ ಮೊದಲನೇದಾಕಿ" ಎಂದು ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದ. ಶಾಲೆಯಲ್ಲಿ ಹುಡುಗಿಯರು ನಕ್ಕಾಗಲೆಲ್ಲ ಕಾಣದ ಆ ದೇಶದ ಸಾವಿರಾರು ಒಕ್ತ್ಯಾಬ್ರಿನಾಗಳನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಿದ್ದೆ. ಅವ್ವ ಮಾತ್ರ ನಾಲಗೆ ಹೊರಳದೆ ಕಡೆಯವರೆಗೂ "ಏ ತಂಗಿ" ಎಂದೇ ಕರೆದಳು.

ಕೋಣೆ ಸಿಕ್ಕಿದ್ದು ದೇರೆಬೈಲಿನಲ್ಲಿ. ವಾಸುದೇವನೇ ನಾಚಿಕೆಯಿಂದ ಟ್ರಂಕು ಎತ್ತಿಕೊಂಡು ನನ್ನನ್ನು ಅಲ್ಲಿಗೆ ಕರೆದೊಯ್ದ. ಅವನು ಹೈಸ್ಕೂಲಿನಲ್ಲಿ ಮಾಸ್ತರ. ಅವನಿಗೆ ಪರಿಚಯವಿದ್ದ ಬ್ಯಾರಿ ಮುಸಲ್ಮಾನ ವ್ಯಾಪಾರಿಯೊಬ್ಬರ ಮನೆಯ ಹಿಂದೆ ಒಂದು ಹೊರಕೋಣೆ ಖಾಲಿ ಇತ್ತು. ಮನೆಯ ಯಜಮಾನರು ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡುತ್ತಿದ್ದರು. ಯಜಮಾನಿ ಬೀಪಾತುಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೆಸರು ಇಷ್ಟುದ್ದ ಎಂತಕ್ಕೆ? ನಾನು ಬ್ರೀನಾ ಹೇಳ್ತೇನೆ" ಎಂದರು. ಜಾತಿ ಕೇಳಲಿಲ್ಲ.

ಕನ್ನಡದ ಊರೆಂದು ಬಂದವಳಿಗೆ ಕಿವಿ ಇದ್ದೂ ಕಿವುಡಾದಂತೆ ಆಯಿತು. ಕದ್ರಿಯ ಮನೆಗಳಲ್ಲಿ ತುಳು, ನಮ್ಮ ಅಂಗಳದಲ್ಲಿ ಬ್ಯಾರಿ ಮಾತು, ಅಂಗಡಿಯಲ್ಲಿ ಕೊಂಕಣಿ. ನನ್ನೊಡನೆ ಮಾತ್ರ ಎಲ್ಲರೂ ಪುಸ್ತಕ ಓದಿದಂಥ ಕನ್ನಡ ಆಡುತ್ತಿದ್ದರು. ನಾನು ಹುಬ್ಬಳ್ಳಿ ಮಾತಿನಲ್ಲಿ ಏನಾದರೂ ಹೇಳಿದರೆ, ಜಗಳಕ್ಕೆ ಬಂದಳೇ ಎಂಬಂತೆ ನೋಡುವರು. ನಾನು ಕಲಿತ ಮೊದಲ ತುಳು ಪದ 'ಪುದರ್'. ಅಂದರೆ ಹೆಸರು. "ಇರೆನ ಪುದರ್ ದಾನೆ?" ಎಂದು ಎಲ್ಲರೂ ಕೇಳುತ್ತಿದ್ದರು, ಉತ್ತರ ಹೇಳಿದ ಮೇಲೆ ಮತ್ತೊಮ್ಮೆ ಕೇಳುತ್ತಿದ್ದರು.

ಊಟ ಇನ್ನೊಂದು ಪರೀಕ್ಷೆ. ಕುಚ್ಚಲಕ್ಕಿಯ ದಪ್ಪ ಅನ್ನ ಗಂಟಲಲ್ಲಿ ನಿಲ್ಲುತ್ತಿತ್ತು. ಜೋಳದ ರೊಟ್ಟಿಯ ಆಸೆಗೆ ಒಮ್ಮೆ ಅತ್ತೇ ಬಿಟ್ಟೆ. ಬೀಪಾತುಮ್ಮ ಅಕ್ಕಿಹಿಟ್ಟಿನ ತೆಳ್ಳಗಿನ ರೊಟ್ಟಿ ತಟ್ಟಿ, "ಇದು ಪತ್ತಿರ್. ನಿಮ್ಮ ರೊಟ್ಟಿಯ ತಂಗಿ. ತಿನ್ನು, ಅಳಬೇಡ" ಎಂದು ಬೆಲ್ಲ-ತೆಂಗಿನಕಾಯಿಯೊಂದಿಗೆ ಕೊಟ್ಟರು. ತಂಗಿಯೇನಲ್ಲ, ಬಹಳ ದೂರದ ಸಂಬಂಧ. ಆದರೂ ತಿಂದೆ.

ಕೆಲಸ ನಂತೂರಿನ ಆಚೆ, ಗೇರುಬೀಜದ ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್. ನಾವು ಗೋಡಂಬಿ ಎನ್ನುವುದು ಇಲ್ಲಿ ಗೇರುಬೀಜ. ಮ್ಯಾನೇಜರರು ಮೊದಲ ವಾರವೇ, "ಈ ಹೆಸರು ಕರೆಯುವಾಗ ನನ್ನ ಹಲ್ಲು ಬೀಳ್ತದೆ. ಪದ್ಮಾ ಅಂತ ಇಟ್ಟುಕೊಳ್ಳಿ" ಎಂದರು. ಆಗುವುದಿಲ್ಲ ಎಂದೆ. ಕೆಲಸ ಹೋಗುತ್ತದೆಂದೇ ಎಣಿಸಿದ್ದೆ, ಹೋಗಲಿಲ್ಲ. ಸಂಜೆ ವಾಸುದೇವನಿಗೆ ಹೇಳಿದಾಗ, "ಬಿಡಬೇಡಿ. ಅದು ಇದ್ದರೇ ನೀವು" ಎಂದ. ಆ ಒಂದು ಮಾತಿಗೆ ನಾನು ಅವನನ್ನು ಮೆಚ್ಚಿದೆ. 'ನೀವು' ಹೋಗಿ 'ನೀನು' ಆಯಿತು. ಬೀಜದ ಸಿಪ್ಪೆ ಸುಲಿಯುವ ಹೆಂಗಸರು ಕೂಡ ಮೆಲ್ಲಮೆಲ್ಲನೆ ಪೂರ್ತಿ ಹೆಸರು ಹಿಡಿದು ಕರೆಯಲು ಕಲಿತರು. ಪರವೂರಿನಲ್ಲಿ ನಾನು ಗೆದ್ದದ್ದು ಅಷ್ಟು.

ನಮ್ಮ ಗೇರುಬೀಜ ರಷ್ಯಾಕ್ಕೂ ಹೋಗುತ್ತಿತ್ತು. ಒಂದು ಬೇಸಿಗೆಯಲ್ಲಿ ಅಲ್ಲಿಂದ ಮಾಲು ನೋಡುವವರು ಬಂದರು, ಜೊತೆಗೆ ಇಂಗ್ಲಿಷ್ ಬಲ್ಲ ಒಬ್ಬ ಹೆಂಗಸು, ದುಭಾಷಿ. ಹೆಚ್ಚುಕಡಿಮೆ ನನ್ನದೇ ವಯಸ್ಸು. ನನಗೆ ತವರಿನವರು ಬಂದ ಹಾಗಿತ್ತು. ಒಳ್ಳೆಯ ಸೀರೆ ಉಟ್ಟು ಹೋಗಿದ್ದೆ. ಚಹಾ ಕೊಡುವಾಗ ಹೆಸರು ಹೇಳಿದೆ. ಅವಳು ಬಟ್ಟಲು ಕೆಳಗಿಟ್ಟು ನಕ್ಕುಬಿಟ್ಟಳು. ಕೆಟ್ಟ ನಗುವಲ್ಲ, ಆದರೆ ಶಾಲೆಯ ಹುಡುಗಿಯರದೇ ನಗು.

"ನನ್ನ ಸೋದರತ್ತೆಯ ಹೆಸರದು!" ಎಂದಳು. ಕ್ರಾಂತಿಯಾದ ಹೊಸದರಲ್ಲಿ ಜನ ಸಂತರ ಹೆಸರುಗಳನ್ನು ಬಿಟ್ಟು ಇಂಥವನ್ನು ಕಟ್ಟಿದರಂತೆ. ಕೆಲವು ಕಾಲ ಹುರುಪಿನಿಂದ ಇಟ್ಟರು, ಆಗಲೂ ಮನೆಮನೆಯಲ್ಲೇನೂ ಇರಲಿಲ್ಲ. ಆಮೇಲೆ ಹಳೆಯ ಹೆಸರುಗಳೇ ಮರಳಿದವು. ಇಟ್ಟುಕೊಂಡವರೂ ಕತ್ತರಿಸಿ ರೀನಾ ಎನ್ನುತ್ತಾರೆ. "ನಮ್ಮತ್ತೆ ಬದಲಾಯಿಸಿಯೇ ಬಿಟ್ಟರು. ಈಗ ಹುಟ್ಟುವ ಮಗುವಿಗೆ ಯಾರೂ ಇಡುವುದಿಲ್ಲ. ನಿಮಗೆ ಯಾರು ಇಟ್ಟರು?"

"ಅಪ್ಪ" ಎಂದೆ.

ನನ್ನ ಬೆನ್ನಿಗೆ ನಿಂತಿದ್ದ ಆ ಸಾವಿರಾರು ಹುಡುಗಿಯರು ಆ ಚಹಾದ ಹೊತ್ತಿನಲ್ಲಿ ಇಲ್ಲವಾದರು. ಆದರೂ ಅಪ್ಪನ ಮೇಲೆ ಸಿಟ್ಟು ಬರಲಿಲ್ಲ. ಅವನಿಗೂ ಯಾರೋ ಮೋಸ ಮಾಡಿದ್ದಾರೆ, ಎದುರು ಕೂತು ಹೇಳಿದರೆ ಇಬ್ಬರೂ ಸೇರಿ ನಗಬಹುದು ಎಂದುಕೊಂಡೆ.

ಅವನು ಬಂದದ್ದು ಚೀನಾ ಯುದ್ಧ ಮುಗಿದ ಮೇಲೆ, ನನ್ನ ಮದುವೆಯ ಮಾತಿಗೆ. ವಾಸುದೇವ ಮನೆಯವರನ್ನು ಹೇಗೋ ಒಪ್ಪಿಸಿದ್ದ. ಬಸ್ ಸ್ಟ್ಯಾಂಡಿನಿಂದ ಅಪ್ಪನನ್ನು ಕರೆತಂದದ್ದೂ ಅವನೇ. ಮರುದಿನ ಕದ್ರಿಯ ಅದೇ ಜಗಲಿಯಲ್ಲಿ ಕೂತೆವು. ವಾಸುದೇವನ ತಂದೆ ಸಂಕೋಚದಿಂದ ಕೇಳಿದರು: "ಹುಡುಗಿಯ ಹೆಸರು ಸರಿಯಾಗಿ ಹೇಳುವುದು ಹೇಗೆ?"

"ಅಶ್ವಿನಿ ಅಂತ್ರಿ" ಎಂದ ಅಪ್ಪ. "ಆಶ್ವೀಜದಾಗ ಹುಟ್ಯಾಳ. ಇನ್ನೊಂದು ಸುಮ್ಮನ ಸಾಲ್ಯಾಗ ಯಾರೋ ಬರಸಿದ್ದು."

ಆಮೇಲೆ ಕೇಳದೆಯೇ ಗೋತ್ರ ಹೇಳಿದ. ತಡವರಿಸದೆ, ಕಣ್ಣು ಮುಚ್ಚಿ, ದಿನವೂ ಸಂಧ್ಯಾವಂದನೆ ಮಾಡುವವನ ಹಾಗೆ. ನಮಗೊಂದು ಗೋತ್ರವಿದೆ, ಅದು ಅಪ್ಪನ ಬಾಯಲ್ಲೇ ಇದೆ ಎಂದು ಆ ದಿನ ನನಗೆ ಗೊತ್ತಾಯಿತು. ಅವನ ಅಂಗಿಯ ಕೊರಳಿನಲ್ಲಿ ಹೊಸ ಜನಿವಾರದ ಎಳೆ ಕಾಣುತ್ತಿತ್ತು. ನಾನು ವಾಸುದೇವನ ಕಡೆ ನೋಡಿದೆ. ಅವನು ತನ್ನ ಕಾಲ ಬೆರಳು ನೋಡುತ್ತಿದ್ದ.

ಗುಡ್ಡ ಇಳಿಯುವಾಗ ಅವನನ್ನು ಕೇಳಿದೆ: "ನಿನಗ ಗೊತ್ತಿತ್ತಾ?"

"ನಿನ್ನೆ ಬಸ್ ಸ್ಟ್ಯಾಂಡಿನಲ್ಲಿ ನಾನೇ ಹೇಳಿದ್ದು. ಒಂದು ಹೆಸರು ಅಲ್ವಾ ಮಾರಾಯ್ತಿ. ಅಮ್ಮನಿಗೂ ಸಮಾಧಾನ ಆಗ್ತದೆ. ನಾವಿಬ್ಬರೇ ಇರುವಾಗ ನಾನು ಹಳೆಯದೇ ಕರೀತೇನೆ."

"ಯಾರಿಗೂ ಕೇಳದಂಗ?"

ಮದುವೆ ಬೇಡವೆಂದು ಅಲ್ಲಿಯೇ ಹೇಳಿದೆ.

ಅಪ್ಪನನ್ನು ಕೋಣೆಗೆ ಬಂದ ಮೇಲೆ ಕೇಳಿದೆ: "ರಷ್ಯಾದಾಗ ಮನೀಗೊಬ್ಬಾಕಿ ಅಂತಿದ್ದೆಲ್ಲ?"

"ನಾ ರಷ್ಯಾ ಎಲ್ಲಿ ನೋಡೇನವಾ. ಮುಂಬೈದಿಂದ ಬಂದಿದ್ದ ಒಬ್ಬ ಗೆಳೆಯ ಆ ಹೆಸರು ಹೇಳಿದ್ದ. ಛಲೋ ಕೇಳಿಸ್ತು. ಉಳಿದದ್ದು ನಾನ ಸೇರಿಸಿದೆ." ಚೀಲಕ್ಕೆ ಬಟ್ಟೆ ತುರುಕುತ್ತ ಹೇಳಿದ: "ಯುದ್ಧದಾಗ ಕಮ್ಯುನಿಸ್ಟರನ್ನ ಹಿಡಿಯೂ ಮುಂದ ನನ್ನೂ ಠಾಣೇಕ್ಕ ಕರಿಸಿ ಕೂಡಿಸಿದ್ರು. ಮಗಳಿಗೆ ಯಾಕ ಅಂಥಾ ಹೆಸರಿಟ್ಟಿ ಅಂತ ಕೇಳಿದ್ರು. ಅಂಜಿಕಿ ಬಂತವಾ. ನಿನ್ನ ಹೆಸರಿಗೇ ಅಂಜಿದೆ."

"ನಾ ಇಷ್ಟು ವರ್ಷ ಅಂಜಲಿಲ್ಲಲ್ಲಪ್ಪಾ" ಎಂದೆ. ಅವನು ಮುಖ ತಿರುಗಿಸಿ ಚೀಲ ಕಟ್ಟಿದ.

ಬೀಪಾತುಮ್ಮ ಎಲ್ಲ ಕೇಳಿ, "ಹೆಸರಿಗೆ ಬೇಕಾಗಿ ಗಂಡನನ್ನು ಬಿಟ್ಟದ್ದಾ ನೀನು? ತಲೆ ಸರಿ ಉಂಟಾ?" ಎಂದು ಗದರಿದರು. ನನ್ನ ಪಕ್ಕ ಕೂತು ಬಹಳ ಹೊತ್ತು ಏಳಲಿಲ್ಲ.

ಮೊನ್ನೆ ನನ್ನ ಬೆನ್ನಿಗೆ ಹುಟ್ಟಿದ ತಂಗಿಯ ಮದುವೆಗೆ ಹುಬ್ಬಳ್ಳಿಗೆ ಹೋಗಿದ್ದೆ. ಕುಚ್ಚಲಕ್ಕಿಗೆ ಒಗ್ಗಿದ ನನ್ನ ನಾಲಗೆಗೆ ರೊಟ್ಟಿ ಒರಟಾಗಿ ಹತ್ತಿತು, "ಎಂತ ಉಂಟು?" ಎಂದು ಬಾಯಿತಪ್ಪಿ ಬಂದಾಗ ಮಕ್ಕಳು ನಕ್ಕವು. ಬೀಗರ ಕಡೆಯ ಹಿರಿಯರೊಬ್ಬರು, "ಬಾ ಅಶ್ವಿನಿ, ಕೂಡ್ರು" ಎಂದರು. ನಾನು ನಿಂತಲ್ಲಿಂದಲೇ, ಎಲ್ಲರಿಗೂ ಕೇಳುವಂತೆ, "ನನ್ನ ಹೆಸರು ಒಕ್ತ್ಯಾಬ್ರಿನಾ ರೀ" ಎಂದೆ.

ಅವರು ಗಲಿಬಿಲಿಗೊಂಡು ಅಪ್ಪನ ಮುಖ ನೋಡಿದರು. ಅಪ್ಪ ಎಲೆ ಅಡಿಕೆಯ ತಟ್ಟೆಯನ್ನು ಅವರ ಮುಂದೆ ಸರಿಸಿ ನಕ್ಕ.

"ಹೌದ್ರಿ, ಆಕಿ ಅಲ್ಲೇ ಇದ್ದು ಇದ್ದು ಹಂಗ ಕರಿಸ್ಕೋತಾಳ" ಎಂದ. "ಅದು ಮಂಗಳೂರ ಕಡೆ ಹೆಸರು."