ಮೆಟ್ಟಿಲವರೆಗೆ ಬರುತ್ತಿದ್ದ ಅಜ್ಜಿ

ಆ ದಾರಿ ನೆನೆದರೆ ಮೊದಲು ಕಣ್ಣಿಗೆ ಬರುವುದು ಮಂಜು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಹೊಂಗಡಹಳ್ಳದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಅಪ್ಪ ಲೆಕ್ಕ ಬರೆಯುವ ರೈಟರ್. ಬೆಳಿಗ್ಗೆ ಗಿಡಗಳೆಲ್ಲ ಮಂಜಿನಲ್ಲಿ ಕರಗಿಹೋಗಿ, ಶಾಲೆಗೆ ಹೊರಟ ನನಗೆ ಇನ್ನೂ ನಿದ್ದೆಯಲ್ಲೇ ನಡೆಯುತ್ತಿರುವಂತೆ ಅನಿಸುತ್ತಿತ್ತು. ಗಟ್ಟಿಯಾಗಿ ಇದ್ದದ್ದು ಒಂದೇ, ನನ್ನ ಮಣಿಕಟ್ಟು ಹಿಡಿದ ಅಜ್ಜಿಯ ಕೈ.

ಅವಳು ನಮ್ಮ ಸ್ವಂತ ಅಜ್ಜಿಯಲ್ಲ, ಕೂಲಿಯವರ ಸಾಲುಮನೆಯ ಲೈನ್‌ನಲ್ಲಿದ್ದ ಮುದುಕಿ. ನನ್ನನ್ನು ಶಾಲೆಗೆ ಮುಟ್ಟಿಸುವುದು ಅವಳ ಕೆಲಸ. ಬೆರಳು ಹಿಡಿದರೆ ಜಾರಿಸಿಕೊಂಡು ಓಡುತ್ತೇನೆಂದು ಮಣಿಕಟ್ಟನ್ನೇ ಹಿಡಿಯುತ್ತಿದ್ದಳು. "ಆ ಹಣ್ಣು ಮುಟ್ಬ್ಯಾಡ. ತರಗೆಲೆ ಮ್ಯಾಲೆ ಕಾಲಿಡಬ್ಯಾಡ, ಹಾವಿರ್ತೈತೆ. ಸಂಕ ದಾಟುವಾಗ ಕೆಳಗೆ ನೋಡ್ಬ್ಯಾಡ ಕಣೆ." ಹಳ್ಳದ ಮೇಲೆ ಅಡ್ಡ ಹಾಕಿದ ಮರದ ದಿಮ್ಮಿಯೇ ಆ ಸಂಕ. ಬ್ಯಾಡ, ಬ್ಯಾಡ ಕೇಳಿ ಕೇಳಿ ನನಗೆ ಅವಳ ಮೇಲೆ ಮೈಯೆಲ್ಲ ಉರಿ. ಶಾಲೆಯ ಮೆಟ್ಟಿಲಲ್ಲಿ ಮಾತ್ರ ಕೈ ಬಿಡುತ್ತಿದ್ದಳು. ಒಳಗೆ ಇಣುಕಿಯೂ ನೋಡದೆ ತಿರುಗಿ ಹೊರಟುಬಿಡುತ್ತಿದ್ದಳು.

ಒಬ್ಬಳೇ ಹೋಗುತ್ತೇನೆಂದು ಹಟ ಹಿಡಿದೆ. "ಮೊದಲ ಪರಮಪ್ರಸಾದ ಆಗಲಿ, ಆಮೇಲೆ ನೋಡೋಣ" ಎಂದರು ಅಪ್ಪ. ಇಗರ್ಜಿಯಲ್ಲಿ ಫಾದರ್ ಕೈಯಿಂದ ಮೊದಲ ಸಲ ಯೇಸುವಿನ ಪ್ರಸಾದದ ರೊಟ್ಟಿ ಪಡೆಯುವ ದಿನ ಅದು. ನನಗೆ ಮಾತ್ರ ಅಂದಿನಿಂದ ಪರಮಪ್ರಸಾದವೆಂದರೆ ನನ್ನ ಮಣಿಕಟ್ಟಿನ ಬಿಡುಗಡೆ, ಅಷ್ಟೆ. ಆ ದಿನಕ್ಕೆಂದು ಹೊಲಿಸುವ ಬಿಳಿ ಫ್ರಾಕೂ ಬೇಕಿರಲಿಲ್ಲ.

ಭಾನುವಾರದ ಧರ್ಮೋಪದೇಶದ ಕ್ಲಾಸಿನಲ್ಲಿ ದೇವರ ಹತ್ತು ಕಟ್ಟಳೆಗಳನ್ನು ಗಿಣಿಪಾಠದಂತೆ ಒಪ್ಪಿಸಿದೆ. ಮನೆಯಲ್ಲಿ ಕೊಂಕಣಿ ಆಡುವ ನನಗೆ ಕಟ್ಟಳೆ ಎಂದರೆ ಕಟ್ಟಿಹಾಕುವುದು.

"ದೇವರು ಇದನ್ನೆಲ್ಲ ಯಾಕೆ ಕೊಟ್ಟರು?" ಎಂದು ಫಾದರ್ ಕೇಳಿದರು.

"ಓಡಿಹೋಗದ ಹಾಗೆ ಕಟ್ಟಿಹಾಕೋದಕ್ಕೆ."

ಮಕ್ಕಳೆಲ್ಲ ನಕ್ಕರು. ಫಾದರ್ ನಗಲಿಲ್ಲ. ಹಿಂದಿನ ಕಾಲದಲ್ಲಿ ಮಗುವನ್ನು ಗುರುವಿನ ಹತ್ತಿರ ಕರೆದೊಯ್ಯಲು ಒಬ್ಬ ಆಳು ಇರುತ್ತಿದ್ದನಂತೆ. ದಾರಿ ತಪ್ಪಿದರೆ ಗದರುವವನು, ಆದರೆ ಗುರುವಲ್ಲ. ಕಟ್ಟಳೆಯೂ ಹಾಗೇ, ನಮ್ಮನ್ನು ಯೇಸುವಿನ ಬಾಗಿಲವರೆಗೆ ಮುಟ್ಟಿಸುತ್ತದೆ ಎಂದರು.

"ಆಮೇಲೆ ಆ ಆಳು ಕೈ ಬಿಡ್ತಾನಾ?"

"ಬಿಡ್ತಾನೆ."

"ಆಗ ಏನು ಬೇಕಾದ್ರೂ ಮಾಡಬಹುದಾ?"

"ಬಿಟ್ಟ ಮೇಲೆ ನಿನಗೇ ಗೊತ್ತಾಗುತ್ತೆ, ಮಗಳೇ."

ಆ ದಿನ ಬಂತು. ಅಪ್ಪ ಅಮ್ಮ ಹೂವು ಹಿಡಿದು ಮುಂದೆ, ಅಜ್ಜಿ ನನ್ನ ಫ್ರಾಕಿಗೆ ಕೆಸರು ತಾಗದಂತೆ ನೋಡಿಕೊಳ್ಳುತ್ತ ಹಿಂದೆ. ಪುಟ್ಟ ಇಗರ್ಜಿಯ ಮೆಟ್ಟಿಲಲ್ಲಿ ಅವಳು ಕೈ ಬಿಟ್ಟಳು.

"ಒಳಗೆ ಬಾ ಅಜ್ಜಿ."

"ನಂದು ಇಲ್ಲಿಗಂಟ ಕಣವ್ವ. ನೀ ಹೋಗು."

ಒಳಗೆ ಮೇಣದಬತ್ತಿಗಳ ಬೆಳಕು, ಹಾಡು. ಕಾಯುತ್ತಿದ್ದ ಬಿಡುಗಡೆ ಕೈಗೆ ಬಂದಿತ್ತು. ಆದರೂ ನಾನು ತಿರುಗಿ ತಿರುಗಿ ಬಾಗಿಲ ಕಡೆಗೇ ನೋಡುತ್ತಿದ್ದೆ. ನನಗೆ ಅಳು ಬಂತು. ಭಕ್ತಿಯೆಂದುಕೊಂಡು ಅಮ್ಮ ತಲೆ ಸವರಿದಳು.

ಮಾರನೆಯ ಬೆಳಿಗ್ಗೆ ಒಬ್ಬಳೇ ಹೊರಟೆ. ಅದೇ ಮಂಜು. ಕಿತ್ತಳೆ ಹಣ್ಣು ಕೈಗೆಟುಕುವಂತೆ ತೂಗುತ್ತಿತ್ತು, ಬೇಡವೆನ್ನುವವರು ಯಾರೂ ಇರಲಿಲ್ಲ. ಯಾಕೋ ಮುಟ್ಟಲಿಲ್ಲ. ಸಂಕದ ಹತ್ತಿರ ಬಂದಾಗ ಅಜ್ಜಿ ಬೇಕೆನಿಸಿತು. "ಕೆಳಗೆ ನೋಡ್ಬ್ಯಾಡ ಕಣೆ" ಎಂದು ಗಟ್ಟಿಯಾಗಿ ಹೇಳಿಕೊಂಡೆ, ಅವಳದೇ ರಾಗದಲ್ಲಿ. ಆಚೆ ದಡ ಮುಟ್ಟಿ ನೋಡಿದರೆ, ನನ್ನ ಎಡಗೈ ನನ್ನದೇ ಬಲಗೈಯ ಮಣಿಕಟ್ಟನ್ನು ಹಿಡಿದಿತ್ತು.