ನೂರಹದಿನಾಲ್ಕನೆಯ ಸೀಸೆ

ಬೀದಿಯ ಮಕ್ಕಳು ಆಕೆಯನ್ನು ‘ಉಚ್ಚೆ ಅಕ್ಕ’ ಎಂದೇ ಕರೆಯುತ್ತಿದ್ದರು. ಆಕೆ ನಕ್ಕು ಸುಮ್ಮನಾಗುತ್ತಿದ್ದಳು. ಮಾಡುತ್ತಿದ್ದ ಕೆಲಸವೂ ಅದೇ ತಾನೆ. ಹನ್ನೊಂದು ವರ್ಷ ನರ್ಸ್ ಆಗಿದ್ದು, ಸೊಂಟನೋವಿನಿಂದ ಆಸ್ಪತ್ರೆ ಬಿಟ್ಟು, ಪ್ರಯೋಗಾಲಯವೊಂದಕ್ಕೆ ಸೇರಿದ್ದಳು. ಪ್ಲಾಸ್ಟಿಕ್ ಮೆತ್ತಗಾಗಲೆಂದು ಬೆರೆಸುವ ಕೆಲವು ರಾಸಾಯನಿಕಗಳು ದೇಹದ ಹಾರ್ಮೋನುಗಳ ಕೆಲಸ ಕೆಡಿಸುತ್ತವೆ. ಅವು ಮಕ್ಕಳ ಮೈಗೆ ಎಷ್ಟು ಸೇರುತ್ತಿವೆ ಎಂದು ಅಲ್ಲಿ ಅಳೆಯುತ್ತಿದ್ದರು. ಇನ್ನೂರು ಮಕ್ಕಳು, ದಿನಕ್ಕೆ ಆರೇಳು ಮನೆ. ಬೆಳಗಿನ ಮೊದಲ ಮೂತ್ರವನ್ನು ಗಾಜಿನ ಸೀಸೆಯಲ್ಲಿ ತರಬೇಕು. ಪ್ಲಾಸ್ಟಿಕ್ ಡಬ್ಬಿಯಾದರೆ ಅದರದ್ದೇ ಅಂಶ ಬೆರೆತು ಅಳತೆ ಕೆಡುತ್ತದೆ. ಸೀಸೆಯ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ.

ಫಲಿತಾಂಶ ಬಂದ ದಿನ ನೂರಹದಿನಾಲ್ಕನೆಯ ಸೀಸೆಯ ಅಳತೆ ಎಲ್ಲಕ್ಕಿಂತ ಮೇಲಿತ್ತು. ಅದಕ್ಕೆ ಆ ಸಂಖ್ಯೆಯ ಚೀಟಿ ಅಂಟಿಸಿದವಳು ಆಕೆಯೇ. ಅದು ತಂಗಿಯ ಏಳು ವರ್ಷದ ಮಗಳದು.

“ಮೇಡಂ, ಈ ಮಗುವಿನ ಮನೆಯವರಿಗೆ ಹೇಳ್ಬೇಕಲ್ವಾ?” ಎಂದು ಅಧ್ಯಯನದ ಮುಖ್ಯಸ್ಥೆಯನ್ನು ಕೇಳಿದಳು.

“ಏನಂತ ಹೇಳ್ತೀರಿ? ಎಷ್ಟಿದ್ರೆ ಕಾಯಿಲೆ ಅನ್ನೋದು ನಮಗೇ ಗೊತ್ತಿಲ್ಲ. ಸುಮ್ನೆ ಹೆದರಿಸಿದ ಹಾಗಾಗುತ್ತೆ. ಯಾರ ಫಲಿತಾಂಶಾನೂ ಹೊರಗೆ ಹೇಳಲ್ಲ ಅಂತ ನೀವೂ ಸಹಿ ಹಾಕಿದ್ದೀರಿ.”

ಎರಡು ದಿನ ಆಕೆ ಬಾಯಿ ಬಿಗಿಹಿಡಿದಳು. ಮೂರನೆಯ ದಿನ ಕಾಲು ತಾನಾಗಿ ತಂಗಿಯ ಮನೆಯತ್ತ ತಿರುಗಿತು.

ತಂಗಿ ಮುಂದಿನ ಕೋಣೆಯಲ್ಲಿ ಮೆತ್ತನೆಯ ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಅಂಚನ್ನು ಬಿಸಿ ಯಂತ್ರದಲ್ಲಿ ಒತ್ತಿ ಮಳೆಕೋಟು ಮಾಡುತ್ತಿದ್ದಳು. ಮಗು ಮೇಜಿನ ಕೆಳಗೆ ಚೂರುಗಳ ನಡುವೆ ಕೂತು ಚಿತ್ರ ಬಿಡಿಸುತ್ತಿತ್ತು. ಕೋಣೆಯ ತುಂಬ ಕಾದ ಪ್ಲಾಸ್ಟಿಕ್ಕಿನ ವಾಸನೆ. ಅದನ್ನು ಇಷ್ಟು ವರ್ಷ ತಂಗಿಯ ಮನೆಯ ವಾಸನೆ ಎಂದಷ್ಟೇ ಆಕೆ ತಿಳಿದಿದ್ದಳು.

“ಇವಳನ್ನ ಅಲ್ಲಿ ಕೂರಿಸ್ಬೇಡ ಕಣೆ.”

“ಯಾಕೆ? ಈಗೇನಾಯ್ತು?”

ಮುಚ್ಚಿಡಲಾಗಲಿಲ್ಲ. ಹೇಳಿಬಿಟ್ಟಳು. ತಂಗಿಯ ಕೈ ನಿಂತಿತು.

“ಅಂದ್ರೆ ನನ್ನ ಮಗೂಗೆ ನಾನೇ ವಿಷ ಹಾಕ್ತಿದ್ದೀನಿ ಅಂತೀಯಾ?”

“ಹಾಗಲ್ಲ ಕಣೆ...”

“ಮತ್ತೆ ಹೇಗೆ? ಏನಾಗುತ್ತೆ ಅವಳಿಗೆ? ಅದನ್ನಾದ್ರೂ ಹೇಳು.”

“ಗೊತ್ತಿಲ್ಲ.”

“ಗೊತ್ತಿಲ್ದೆ ಹೊಟ್ಟೇಲಿ ಬೆಂಕಿ ಇಡೋಕೆ ಬಂದ್ಯಾ ಅಕ್ಕ?”

ಮಗು ಮೇಜಿನಡಿಯಿಂದ ತಲೆ ಹೊರಹಾಕಿತು. “ದೊಡ್ಡಮ್ಮಾ, ನನ್ನ ಉಚ್ಚೇನೇ ಫಸ್ಟ್ ಬಂತಾ?”



ಮರುದಿನ ಆಕೆ ಮುಖ್ಯಸ್ಥೆಯ ಮುಂದೆ ನಿಂತು ತಾನೇ ತಪ್ಪೊಪ್ಪಿಕೊಂಡಳು. ಮನೆ ಮನೆಗೆ ಹೋಗುವ ಕೆಲಸ ಕೈತಪ್ಪಿ, ಸೀಸೆ ತೊಳೆಯುವ ಕೆಲಸ ಸಿಕ್ಕಿತು. ತಂಗಿ ಮಾತು ಬಿಟ್ಟಳು. ಆದರೆ ಯಂತ್ರವನ್ನು ಹಿಂದಿನ ಜಗಲಿಗೆ ಸಾಗಿಸಿದ್ದಾಳೆಂದು ನೆರೆಯವರಿಂದ ತಿಳಿಯಿತು.

ಮೂರು ತಿಂಗಳ ನಂತರ ಎರಡನೆಯ ಅಳತೆ. ಅಷ್ಟರಲ್ಲಿ, ಗೊತ್ತಾದರೆ ಮನೆಯವರು ಏನಾದರೂ ಮಾಡಿಯಾರು ಎನ್ನಿಸಿ ಮುಖ್ಯಸ್ಥೆಯ ಮನಸ್ಸೂ ಬದಲಾಗಿತ್ತು. ಕೇಳಿದ ಮನೆಯವರಿಗೆಲ್ಲ ಫಲಿತಾಂಶ ತಿಳಿಸಲು ಸಂಶೋಧನೆಯ ನೀತಿ ಸಮಿತಿಯಿಂದ ಒಪ್ಪಿಗೆ ತಂದಿದ್ದಳು. ಮೊದಲು ಕೇಳಿದವಳೇ ತಂಗಿ. ಕಾಗದ ಹಿಡಿದು ಅವಳು ನೇರ ಅಕ್ಕನ ಮನೆಗೆ ಬಂದಳು.

“ಅರ್ಧಕ್ಕೆ ಇಳಿದಿದೆಯಂತೆ.”

“ಒಳ್ಳೇದಾಯ್ತಲ್ಲೇ!”

“ಇನ್ನರ್ಧ ಎಲ್ಲಿಂದ ಬರ್ತಿದೆ ಅಕ್ಕ?”

ಆಕೆ ಸೆರಗು ಸಿಕ್ಕಿಸಿ ತಂಗಿಯ ಹಿಂದೆಯೇ ಹೊರಟಳು. ಇಬ್ಬರೂ ಸೇರಿ ಆ ಮನೆಯನ್ನು ತಲೆಕೆಳಗು ಮಾಡಿದರು. ಊಟದ ಡಬ್ಬಿ, ನೆಲಹಾಸು, ಹಾಸಿಗೆಯ ಹೊದಿಕೆ, ಚಪ್ಪಲಿ, ಒಂದೊಂದನ್ನೂ ಮೂಸಿ, ಹಿಂಡಿ, ಅನುಮಾನ ಬಂದದ್ದನ್ನೆಲ್ಲ ಅಂಗಳಕ್ಕೆಸೆದರು. ಮಧ್ಯಾಹ್ನದ ಹೊತ್ತಿಗೆ ಅಲ್ಲೊಂದು ರಾಶಿಯಾಯಿತು. ಮಗು ರಾಶಿಯ ಪಕ್ಕ ನಿಂತು, ಅದರೊಳಗಿನ ತನ್ನ ಪ್ಲಾಸ್ಟಿಕ್ ಗೊಂಬೆಯನ್ನಾದರೂ ಕೊಡಿ ಎಂದು ಅಳುತ್ತಿತ್ತು.