ಕಪ್ಪು ಪರದೆ, ಹಸಿರು ಚುಕ್ಕೆ

ಪೋರೂರಿನ ನಮ್ಮ ಆಫೀಸಿಗೆ ಕಾಲಿಟ್ಟ ಕೂಡಲೇ ಎದುರಿನ ಗೋಡೆಯಲ್ಲಿ ಒಂದು ದೊಡ್ಡ ಟಿ.ವಿ. ಕಾಣುತ್ತದೆ. ಅದರಲ್ಲಿ ಧಾರಾವಾಹಿ ಬರುವುದಿಲ್ಲ, ಕ್ರಿಕೆಟ್ಟೂ ಬರುವುದಿಲ್ಲ. ಸಾಲುಸಾಲಾಗಿ ಹಸಿರು ಚುಕ್ಕೆಗಳು ಬರುತ್ತವೆ. ಒಂದೊಂದು ಚುಕ್ಕೆ ಆಫೀಸಿನ ಒಂದೊಂದು ಯಂತ್ರವಂತೆ. ಹಸಿರಿದ್ದರೆ ಕ್ಷೇಮ, ಕೆಂಪಾದರೆ ಅಪಾಯ. ಇದನ್ನು ತರಿಸಿ ಮೊಳೆ ಹೊಡೆಸಿದವರು ನಮ್ಮ ಮ್ಯಾನೇಜರು. ಬೆಂಗಳೂರಿನಿಂದ ವರ್ಗವಾಗಿ ಬಂದವರು, ಕನ್ನಡದವರೇ. ಚೆನ್ನೈಯಲ್ಲಿ ಕನ್ನಡ ಮಾತಾಡುವ ಮೇಲಧಿಕಾರಿ ಸಿಕ್ಕರಲ್ಲ ಎಂದು ಮೊದಲ ವಾರ ನಾನು ಖುಷಿಪಟ್ಟಿದ್ದೆ. ಎರಡನೇ ವಾರಕ್ಕೆ ಆ ಖುಷಿ ಇಳಿದಿತ್ತು.

ಆಫೀಸಿನ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿರುವ ಜಾಲವನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಾನು ಅದನ್ನು ಮಾಡುವುದು ಕಪ್ಪು ಪರದೆಯ ಮೇಲೆ. ಅಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಬೆರಳಿಡಲು ಗುಂಡಿಗಳಿಲ್ಲ. ಆದೇಶವನ್ನು ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತಬೇಕು, ಯಂತ್ರವೂ ಅಕ್ಷರದಲ್ಲೇ ಉತ್ತರ ಕೊಡುತ್ತದೆ. ಪಿಂಗ್ ಎಂದು ಬರೆದು ಒಂದು ವಿಳಾಸ ಕೊಟ್ಟರೆ ಅದು ಹೋಗಿ ಆ ಯಂತ್ರದ ಬಾಗಿಲು ತಟ್ಟಿ, ಇದ್ದೀರಾ ಎಂದು ಕೇಳಿಕೊಂಡು ಬರುತ್ತದೆ. ಟ್ರೇಸ್‌ರೂಟ್ ಎಂದರೆ ದಾರಿಯಲ್ಲಿ ಯಾರ ಯಾರ ಮನೆ ಹಾದುಹೋದೆ ಎಂದು ವರದಿ ಒಪ್ಪಿಸುತ್ತದೆ. ಇವು ಯಾವುವೂ ನನ್ನನ್ನು ಓಲೈಸುವುದಿಲ್ಲ. ಉತ್ತರ ಬಂದರೆ ಬಂತು ಎನ್ನುತ್ತವೆ, ಬಾರದಿದ್ದರೆ ಬರಲಿಲ್ಲ ಎನ್ನುತ್ತವೆ. ಆಫೀಸಿನಲ್ಲಿ ಹೀಗೆ ಮಾತಾಡುವವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ನನಗೆ ಇವುಗಳ ಸಹವಾಸ ಹಿಡಿಸಿತ್ತು.

ಮ್ಯಾನೇಜರಿಗೆ ಹಿಡಿಸಲಿಲ್ಲ. ನನ್ನ ಕುರ್ಚಿಯ ಹಿಂದೆ ಬಂದು ನಿಂತು ಮೂಗು ಮುರಿದರು.

“ಏನ್ ಮೇಡಂ ಇದು, ಇನ್ನೂ ಟೈಪ್ ಹೊಡ್ಕೊಂಡು ಕೂತಿದ್ದೀರಲ್ಲ? ಕ್ಲೈಂಟ್ಸ್ ಬರ್ತಾರೆ, ನೋಡಿದ್ರೆ ಏನಂದ್ಕೋತಾರೆ? ಈಗೆಲ್ಲ ವಿಷುಯಲ್ ಆಗಿರ್ಬೇಕು.”

ಚೆನ್ನೈ ಶಾಲೆಯಲ್ಲಿ ಓದುವ ನನ್ನ ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವವಳು. ಅವಳು ಇದೇ ಪರದೆಯನ್ನು ನೋಡಿ, “ಸೂಪರ್ಮಾ, ಹ್ಯಾಕರ್ ಮಾದ್ರಿ ಇರುಕ್ಕೆ” ಎಂದಿದ್ದಳು. ಹ್ಯಾಕರ್ ಥರ ಕಾಣುತ್ತೇನಂತೆ. ಆಫೀಸಿನಲ್ಲಿ ಮಾತ್ರ ನಾನು ಹಳೇ ಕಾಲದ ಟೈಪಿಸ್ಟಿನ ಥರ ಕಂಡೆ. ಅಂತೂ ಟಿ.ವಿ. ಬಂತು, ಅದಕ್ಕೊಂದು ಪುಟ್ಟ ಉದ್ಘಾಟನೆಯಾಯಿತು, ಮೈಸೂರುಪಾಕು ಹಂಚಿದರು. ಮೈಸೂರಿನವಳಾದ ನನ್ನನ್ನೇ ಕರೆದು ಅದು ಹೇಗಿದೆ ಎಂದು ಕೇಳಿದರು. ಟಿ.ವಿ.ಯ ಬಗ್ಗೆ ಯಾರೂ ಕೇಳಲಿಲ್ಲ.

ಹೊಸತರಲ್ಲಿ ಕೆಲವು ಚುಕ್ಕೆಗಳು ಆಗಾಗ ಹಳದಿಯಾಗುತ್ತಿದ್ದವು. ಅದಕ್ಕೆ ಕಾರಣವಿತ್ತು. ಎಲ್ಲ ತಂತಿಗಳೂ ಬಂದು ಸೇರುವ ಪೆಟ್ಟಿಗೆಗೆ ಸ್ವಿಚ್ ಎನ್ನುತ್ತೇವೆ. ಯಾರಾದರೂ ಒಂದೇ ತಂತಿಯ ಎರಡು ತುದಿಗಳನ್ನೂ ಅದೇ ಪೆಟ್ಟಿಗೆಗೆ ಸಿಕ್ಕಿಸಿಬಿಟ್ಟರೆ ಸಂದೇಶಗಳು ಗಾಣದೆತ್ತಿನ ಹಾಗೆ ಅಲ್ಲಲ್ಲೇ ಸುತ್ತಿ ಸುತ್ತಿ ಇಡೀ ಜಾಲವನ್ನು ಉಸಿರು ಕಟ್ಟಿಸುತ್ತವೆ. ಹಾಗಾಗದಂತೆ ಸ್ವಿಚ್ಚಿನೊಳಗೆ ಒಂದು ಕಾವಲು ಇರುತ್ತದೆ. ಹಳದಿ ಬಣ್ಣ ಆ ಕಾವಲಿನ ಎಚ್ಚರಿಕೆಯಾಗಿತ್ತು. ಹಳದಿ ಚೆನ್ನಾಗಿ ಕಾಣುವುದಿಲ್ಲ ಎಂದು ಮ್ಯಾನೇಜರು ಟಿ.ವಿ. ಹಾಕಿದವರಿಗೆ ಹೇಳಿ ಕಾವಲನ್ನೇ ತೆಗೆಸಿದರು. ಬೇಡ ಸರ್ ಎಂದೆ. “ನಿಮ್ದು ಯಾವಾಗ್ಲೂ ನೆಗೆಟಿವ್ವೇ ಮೇಡಂ” ಎಂದರು. ಮರುದಿನದಿಂದ ಗೋಡೆಯೆಲ್ಲ ಹಸಿರೋ ಹಸಿರು.

ಇನ್ನು ಅಕ್ಕನ ವಿಷಯ. ನಮ್ಮ ಆಫೀಸನ್ನು ಗುಡಿಸಿ ಒರೆಸುವ ಹೆಂಗಸನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಾರೆ. ಅವರ ತಂದೆ ಕುಂದಾಪುರದ ಕಡೆಯಿಂದ ಬಂದು ತ್ರಿಪ್ಲಿಕೇನಿನ ಒಂದು ಮೆಸ್ಸಿನಲ್ಲಿ ಅಡುಗೆಗಿದ್ದವರು. ಅಕ್ಕ ಹುಟ್ಟಿದ್ದು ಬೆಳೆದದ್ದೆಲ್ಲ ಚೆನ್ನೈಯಲ್ಲೇ, ಅವರ ಕನ್ನಡದಲ್ಲಿ ಅರ್ಧ ಕುಂದಾಪುರ, ಅರ್ಧ ತಮಿಳು. ಮಂಡಿನೋವಿನವರು. ಈಗ ಮನೆ ಪೋರೂರಿನ ಕೆರೆಯ ಹಿಂದೆ, ಆಫೀಸಿಗೆ ನಡೆದೇ ಬರುತ್ತಾರೆ. ಈ ಕೆಲಸದಲ್ಲಿ ತನಗೆ ಸಿಕ್ಕಿರುವ ಒಂದೇ ಸುಖ ಅದು ಎಂದು ಅವರೇ ಹೇಳುವುದುಂಟು. ಸಂಬಳ ಕೊಡುವವನು ಆಫೀಸಲ್ಲ, ಒಬ್ಬ ಕಂಟ್ರಾಕ್ಟರು. ಅವನು ಯಾರನ್ನು ಎಲ್ಲಿಗೆ ಬೇಕಾದರೂ ಅಟ್ಟಬಲ್ಲ.

ಆಯುಧಪೂಜೆ ಬಂತು. ಚೆನ್ನೈಯಲ್ಲಿ ಆಯುಧಪೂಜೆ ಮಾಡದ ಆಫೀಸು ಇರುವುದು ನನಗಂತೂ ಗೊತ್ತಿಲ್ಲ. ಕಂಪ್ಯೂಟರುಗಳಿಗೆ ಗಂಧ ಕುಂಕುಮ, ಬಾಗಿಲಿಗೆ ಬಾಳೆಕಂಬ, ತಟ್ಟೆಯಲ್ಲಿ ಪುರಿ, ಹುರಿಗಡಲೆ, ಬೆಲ್ಲ. ಸ್ವಿಚ್ಚಿರುವ ಕೋಣೆಯನ್ನು ಅಕ್ಕ ಒಣಬಟ್ಟೆಯಲ್ಲಿ ಒರೆಸಿ, ಬಾಗಿಲಿಗೆ ಚೆಂಡುಹೂವಿನ ಸರ ಕಟ್ಟಿದರು. ಮ್ಯಾನೇಜರು ರೇಷ್ಮೆ ಪಂಚೆಯುಟ್ಟು ಬಂದು, ಸ್ವಿಚ್ಚನ್ನು ಕೂರಿಸಿರುವ ರ‍್ಯಾಕಿಗೆ ಹೂ ಮುಡಿಸಿ ಮಂಗಳಾರತಿ ಎತ್ತಿದರು, ಒಬ್ಬ ಹುಡುಗಿಯ ಕೈಗೆ ಫೋನು ಕೊಟ್ಟು ಫೋಟೋ ತೆಗೆಸಿಕೊಂಡರು. ಪೂಜೆಯಾದ ಮೇಲೆ ಆಯುಧಗಳಿಗೆ ವಿಶ್ರಾಂತಿ ಕೊಡಬೇಕಲ್ಲ, ನಾನು ಆ ಫೋಟೋದ ಹೊತ್ತಿನಲ್ಲಿ ಮೇಲಿನ ಮಹಡಿಯಲ್ಲಿ ಕಂಪ್ಯೂಟರುಗಳನ್ನು ಆರಿಸುತ್ತಿದ್ದೆ. ಕೊನೆಗೆ ಕೆಳಗೆ ಬಂದು ಸ್ವಿಚ್ಚನ್ನೂ ಆರಿಸಿ, ಪುರಿ ಪೊಟ್ಟಣ ಹಿಡಿದು ಮನೆಗೆ ಹೋದೆ. ರ‍್ಯಾಕಿನ ತುಂಬ ಹೂವಿದ್ದುದರಿಂದ ಬೇರೇನೂ ನನ್ನ ಕಣ್ಣಿಗೆ ಬೀಳಲಿಲ್ಲ.

ರಜೆ ಮುಗಿದ ಬೆಳಿಗ್ಗೆ ಎಲ್ಲವನ್ನೂ ಹಾಕಿದೆವು. ಏನೂ ಕೆಲಸ ಮಾಡಲಿಲ್ಲ. ಮೇಲ್ ಇಲ್ಲ, ಪ್ರಿಂಟರ್ ಇಲ್ಲ, ಹಾಜರಿಗೆ ಬೆರಳೊತ್ತುವ ಯಂತ್ರವೂ ಸುಮ್ಮನಿತ್ತು. ಅದರ ಮುಂದೆ ಕ್ಯೂ ನಿಂತ ಜನ ಬೆರಳನ್ನು ಪ್ಯಾಂಟಿಗೆ ಒರೆಸಿ ಒರೆಸಿ ಮತ್ತೆ ಒತ್ತುತ್ತಿದ್ದರು. ಗೋಡೆಯ ಟಿ.ವಿ. ಮಾತ್ರ ಎಲ್ಲ ಹಸಿರು. ಜಾಲ ಸಿಗದಿದ್ದರೆ ಅದು ಕೊನೆಯ ಸಲ ಕಂಡದ್ದನ್ನೇ ತೋರಿಸುತ್ತದಂತೆ. ಮನೆಗೆ ಬೆಂಕಿ ಬಿದ್ದಾಗ ಮದುವೆಯ ಆಲ್ಬಮ್ ತೋರಿಸುವ ಕಾವಲುಗಾರನನ್ನು ನಾವು ಸಂಬಳ ಕೊಟ್ಟು ಇಟ್ಟುಕೊಂಡಿದ್ದೆವು.

ಮ್ಯಾನೇಜರು ಟಿ.ವಿ.ಯ ಮುಂದೆ ನಿಂತು, “ಇಲ್ಲಿ ಎಲ್ಲ ಸರಿ ಇದೆಯಲ್ಲಾ” ಎಂದರು. ಸರಿ ಇಲ್ಲವೆಂದು ಸುತ್ತಲೂ ಜನ ಗಲಾಟೆ ಎಬ್ಬಿಸಿದಾಗ ಅವರಿಗೆ ಯಾರ ಮೇಲಾದರೂ ಗೂಬೆ ಕೂರಿಸುವ ತುರ್ತು ಬಂತು. “ಆ ರೂಮಿಗೆ ಹೋಗಿದ್ದು ಯಾರು? ಹೌಸ್‌ಕೀಪಿಂಗ್. ಒದ್ದೆ ಬಟ್ಟೆ ಹಾಕಿ ಒರೆಸಿರ್ತಾಳೆ, ನೀರು ಒಳಗೆ ಹೋಗಿದೆ, ಅಷ್ಟೇ.” ನೋಡಲಿಲ್ಲ, ಕೇಳಲಿಲ್ಲ. ನಿಂತ ಜಾಗದಲ್ಲೇ ಕಂಟ್ರಾಕ್ಟರಿಗೆ ಫೋನು ಮಾಡಿ, ಆ ಹೆಂಗಸು ನಾಳೆಯಿಂದ ನಮಗೆ ಬೇಡ ಎಂದರು.

ನಾನು ಲ್ಯಾಪ್‌ಟಾಪು ಹಿಡಿದು ಸ್ವಿಚ್ ಕೋಣೆಗೆ ಹೊರಟಾಗ ಅಕ್ಕ ಮೆಟ್ಟಿಲ ಮೇಲೆ ಚೀಲ ಹಿಡಿದು ಕೂತಿದ್ದರು.

“ಸತ್ಯಮಾ ನಾನ್ ಎಂತದೂ ಮುಟ್ಲಿಲ್ಲ ಮಾರಾಯ್ತಿ. ಪೂ ಕಟ್ಟಿದ್ದ್ ಬಾಗಿಲಿಗೆ. ಕಂಟ್ರಾಕ್ಟರ್ ಫೋನ್ ಮಾಡಿ, ನಾಳೆಯಿಂದ ಮಾಧವರಂ ಬಸ್ ಸ್ಟ್ಯಾಂಡಿಗೆ ಹೋಗ್ ಅಂತ ಹೇಳ್ದ. ಈ ಕಾಲ್ ಹಾಕ್ಕಂಡ್ ನಾನ್ ಹ್ಯಾಂಗ್ ಹೋಪ್ದು?”

ಮಾಧವರಂ ಊರಿನ ಇನ್ನೊಂದು ಮೂಲೆ. ಬಸ್ಸು ಬದಲಿಸಿ ಬದಲಿಸಿ ಹೋಗಿ ಆ ಬಸ್‌ಸ್ಟ್ಯಾಂಡಿನ ಮೆಟ್ಟಿಲುಗಳನ್ನು ಈ ಮಂಡಿಗಳಲ್ಲಿ ತೊಳೆಯಬೇಕು. ಅವರಿಂದ ಅದು ಆಗುವುದಿಲ್ಲ, ಕೆಲಸ ಬಿಡುತ್ತಾರೆ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಎಲ್ಲೂ ಹೋಗಬೇಡಿ, ಇಲ್ಲೇ ಕೂತಿರಿ ಎಂದು ಹೇಳಿ ಒಳಗೆ ಹೋದೆ.

ಮೊದಲು ಪಿಂಗ್ ಹಾಕಿದೆ. ಪಕ್ಕದಲ್ಲೇ ಇರುವ ಯಂತ್ರದಿಂದ ಉತ್ತರವಿಲ್ಲ. ಇನ್ನೊಮ್ಮೆ ಹಾಕಿದರೆ ಒಂದು ಉತ್ತರ ತೆವಳಿಕೊಂಡು ಬಂತು, ಮುಂದಿನದು ಬರಲೇ ಇಲ್ಲ. ನೀರು ಹೋಗಿ ಸತ್ತ ಸ್ವಿಚ್ಚು ಹೀಗೆ ಆಡುವುದಿಲ್ಲ. ಇದು ಸತ್ತಿರಲಿಲ್ಲ, ಏನನ್ನೋ ಹೊತ್ತು ಏದುಸಿರು ಬಿಡುತ್ತಿತ್ತು. ಲ್ಯಾಪ್‌ಟಾಪಿನಿಂದ ನೇರವಾಗಿ ಸ್ವಿಚ್ಚಿಗೇ ತಂತಿ ಜೋಡಿಸಿ, ಯಾವ ಯಂತ್ರ ಯಾವ ಪೋರ್ಟಿನಲ್ಲಿದೆ ತೋರಿಸು ಎಂದು ಟೈಪ್ ಮಾಡಿದೆ. ಪೋರ್ಟ್ ಎಂದರೆ ತಂತಿ ಸಿಕ್ಕಿಸುವ ಕಿಂಡಿ. ಒಂದು ಸಲ ಕೇಳಿದರೆ ಎಲ್ಲ ಯಂತ್ರಗಳೂ ಕೆಳಸಾಲಿನ ಒಂದು ಕಿಂಡಿಯಲ್ಲಿವೆ ಎಂದಿತು, ಮತ್ತೆ ಕೇಳಿದರೆ ಅದರ ಪಕ್ಕದ ಕಿಂಡಿಯಲ್ಲಿವೆ ಎಂದಿತು. ತಲೆ ಎತ್ತಿ ನೋಡಿದೆ. ಒಣಗಿದ ಚೆಂಡುಹೂವಿನ ಹಿಂದೆ ಒಂದು ಗಿಡ್ಡ ನೀಲಿ ತಂತಿ ಎರಡೂ ಕಿಂಡಿಗಳಿಗೆ ಸಿಕ್ಕಿಕೊಂಡು ಅಚ್ಚುಕಟ್ಟಾಗಿ ಕೂತಿತ್ತು. ಬೇಕಾದೀತೆಂದು ನಾನೇ ಒಂದು ತುದಿಯನ್ನು ಹಾಗೇ ಇಳಿಬಿಟ್ಟಿದ್ದ ತಂತಿ ಅದು.

ಅಷ್ಟರಲ್ಲಿ ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತ ಬಂದರು. ಹೆಡ್ ಆಫೀಸಿನವರೊಂದಿಗೆ ವೀಡಿಯೋ ಮೀಟಿಂಗಿಗೆ ಹೊತ್ತಾಗಿತ್ತು. ನಾನು ಸಹಜವಾಗಿಯೇ ಕೇಳಿದೆ.

“ಸರ್, ಈ ನೀಲಿ ವೈರ್ ಇಲ್ಲಿಗೆ ಯಾರು ಹಾಕಿದ್ದು?”

“ಅದಾ? ನೇತಾಡ್ತಾ ಇತ್ತು ಮೇಡಂ. ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ ನಾನೇ ಸಿಕ್ಕಿಸ್ದೆ. ಯಾಕೆ?”

ಯಾಕೆಂದು ಹೇಳಿದೆ. ಅವರ ಮುಖ ಹರಳೆಣ್ಣೆ ಕುಡಿದಂತಾಯಿತು. ಆಮೇಲೆ ಸಾವರಿಸಿಕೊಂಡು, “ಹೋಗ್ಲಿ ಬಿಡಿ, ಟೆಕ್ನಿಕಲ್ ವಿಷಯ, ಇದೆಲ್ಲ ಆಗ್ತಿರುತ್ತೆ” ಎಂದರು. ಅಕ್ಕನ ಕೈಯಿಂದಾದರೆ ಅದು ಕೆಲಸ ಕಳೆಯುವ ತಪ್ಪು. ಅವರ ಕೈಯಿಂದಾದ ಕೂಡಲೇ ಅದು ಆಗ್ತಿರುವ ವಿಷಯವಾಗಿಬಿಟ್ಟಿತ್ತು.

ಆ ಎರಡರಲ್ಲಿ ಒಂದು ಪೋರ್ಟನ್ನು ಮುಚ್ಚಲು ಶಟ್‌ಡೌನ್ ಎಂಬ ಒಂದೇ ಪದ ಸಾಕು. ಟೈಪ್ ಮಾಡಿದೆ. ಎಂಟರ್ ಒತ್ತಲಿಲ್ಲ.

“ಒತ್ತಿ ಮೇಡಂ, ಮೀಟಿಂಗ್ ಇದೆ.”

“ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಾರೆ ಸರ್.”

“ಅದು ಆಮೇಲೆ ನೋಡೋಣ. ಕಂಟ್ರಾಕ್ಟರಿಗೆ ಒಂದ್ಸಲ ಹೇಳಿ ಆಗಿದೆ, ಈಗ ಹಿಂದೆ ತಗೊಂಡ್ರೆ ಚೆನ್ನಾಗಿರಲ್ಲ.”

ನಾನು ಕೈ ಕಟ್ಟಿ ಕೂತೆ. ಕಪ್ಪು ಪರದೆಯ ಮೇಲೆ ಆ ಪದದ ಮುಂದೆ ಗೆರೆಯೊಂದು ಮಿಣುಕುತ್ತಿತ್ತು. ನಗು ಬರುವ ಸಂಗತಿ ಏನೆಂದರೆ, ಆ ನೀಲಿ ತಂತಿ ಅವರ ಮೊಣಕೈಯ ಪಕ್ಕದಲ್ಲೇ ಇತ್ತು. ಕೈ ಚಾಚಿ ಎಳೆದಿದ್ದರೆ ಆಫೀಸು ಆ ಕ್ಷಣವೇ ಸರಿಹೋಗುತ್ತಿತ್ತು. ಪೂಜೆಯ ದಿನ ಅಷ್ಟು ಸಲೀಸಾಗಿ ಸಿಕ್ಕಿಸಿದ ಮನುಷ್ಯನಿಗೆ ಅದು ಹೊಳೆಯಲೇ ಇಲ್ಲ. ಯಾವ ಪರದೆಗೆ ಅಷ್ಟು ದಿನ ಮೂಗು ಮುರಿದಿದ್ದರೋ ಅದರ ಮುಂದೆಯೇ ಈಗ ಗರ್ಭಗುಡಿಯ ಮುಂದೆ ನಿಂತಂತೆ ನಿಂತಿದ್ದರು. ನಾನೂ ಹೇಳಿಕೊಡಲು ಹೋಗಲಿಲ್ಲ.

ಹೊರಗಿನಿಂದ ಯಾರೋ ಹೆಡ್ ಆಫೀಸಿನ ಫೋನು ಬಂದಿದೆ ಎಂದು ಕೂಗಿದರು. ಮ್ಯಾನೇಜರು ನನ್ನನ್ನು ದುರುಗುಟ್ಟಿ ನೋಡಿ ತಮ್ಮ ಫೋನು ತೆಗೆದರು. ಆ ಹೆಂಗಸು ಇಲ್ಲೇ ಇರಲಿ, ಏನೋ ಕನ್‌ಫ್ಯೂಷನ್ ಆಗಿತ್ತು ಎಂದು ಕಂಟ್ರಾಕ್ಟರಿಗೆ ಹೇಳಿದರು. ಕನ್‌ಫ್ಯೂಷನ್ ಯಾರದೆಂದು ಹೇಳಲಿಲ್ಲ. ನಾನು ಎಂಟರ್ ಒತ್ತಿದೆ. ಪಿಂಗ್‌ನ ಉತ್ತರಗಳು ಒಂದರ ಹಿಂದೊಂದು ಬರತೊಡಗಿದವು, ಹೊರಗೆ ಹಾಲ್‌ನಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಅಕ್ಕನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಕೈ ಮುಗಿಯಲಿಲ್ಲ, ಕಣ್ಣೀರೂ ಹಾಕಲಿಲ್ಲ. “ಅಂವ ಸಿಕ್ಕಿಸ್ದ್ದಕ್ಕೆ ನಾನ್ ಮಾಧವರಂಗೆ ಹೋಯ್ಕಿತ್ತಾ?” ಎಂದು ಸಿಟ್ಟಿನಲ್ಲಿ ಕೇಳಿ, ಚೀಲವನ್ನು ಅದರ ಮೊಳೆಗೆ ಮತ್ತೆ ನೇತುಹಾಕಿದರು. ಆ ಸಿಟ್ಟು ನೋಡಿ ನನಗೆ ಸಮಾಧಾನವಾಯಿತು.

ಸಂಜೆಗೆ ಮ್ಯಾನೇಜರ ಮೇಲ್ ಬಂತು. ತೊಂದರೆಯನ್ನು ಬೇಗ ಪತ್ತೆಹಚ್ಚಲು ಹೊಸ ಟಿ.ವಿ. ವ್ಯವಸ್ಥೆ ಬಹಳ ನೆರವಾಯಿತಂತೆ. ಮರುದಿನ ಸ್ವಿಚ್ ಕೋಣೆಯ ಬಾಗಿಲಿಗೆ ಒಂದು ಬೋರ್ಡು ಬಿತ್ತು: ಹೌಸ್‌ಕೀಪಿಂಗ್ ಸಿಬ್ಬಂದಿಗೆ ಪ್ರವೇಶವಿಲ್ಲ. ಮ್ಯಾನೇಜರ ಕಾರ್ಡು ಆ ಬಾಗಿಲನ್ನು ಇವತ್ತಿಗೂ ತೆರೆಯುತ್ತದೆ. ಸ್ವಿಚ್ಚಿನೊಳಗಿನ ಕಾವಲನ್ನು ಮಾತ್ರ ನಾನು ಅವತ್ತೇ ಯಾರನ್ನೂ ಕೇಳದೆ ಮತ್ತೆ ಹಾಕಿದೆ. ಚುಕ್ಕೆಗಳು ಈಗಲೂ ಆಗಾಗ ಹಳದಿಯಾಗುತ್ತವೆ, ಅವರು ಅದನ್ನು ನೋಡಿ ಸುಮ್ಮನಾಗುತ್ತಾರೆ.

ಮುಂದಿನ ವರ್ಷದ ಆಯುಧಪೂಜೆಗೆ ಅದೇ ರೇಷ್ಮೆ ಪಂಚೆ, ಅದೇ ಫೋಟೋದ ಹುಡುಗಿ. ಬೋರ್ಡಿನ ಪ್ರಕಾರ ಅಕ್ಕ ಹೊಸಿಲ ಆಚೆಯೇ ನಿಂತು ಹೂವಿನ ಬುಟ್ಟಿಯನ್ನು ಒಳಗೆ ಚಾಚಿದರು. ಕೋಣೆಯಲ್ಲೂ ಹೊರಗೂ ಆಫೀಸಿನವರೆಲ್ಲ ನೆರೆದಿದ್ದರು. ಮ್ಯಾನೇಜರು ಸರವನ್ನು ತೆಗೆದುಕೊಂಡು ರ‍್ಯಾಕಿನ ಕಡೆಗೆ ಕೈ ಎತ್ತಿದರು.

“ಸಾರ್, ಪೂ ಮಾತ್ರ ಇಡಿ. ವಯರ್ ಮುಟ್ಬೇಡಿ,” ಎಂದರು ಅಕ್ಕ, ಎಲ್ಲರಿಗೂ ಕೇಳುವ ಹಾಗೆ.

ಮ್ಯಾನೇಜರು ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.